ಅಮ್ಮ ಓಡಿದ ದಿನ

ಮನೆಯಿಂದ,
ಭಾನುವಾರ ಬೆಳಗ್ಗೆ

ನನ್ನ ಗುಬ್ಬಿಗೆ,

ಈ ಕಾಗದವನ್ನು ಊಟ ಮುಗಿಸಿ, ನೆಲದ ಮೇಲೆ ಕೂತು ಓದು. ಕ್ರೇನಿನ ತುದಿಯಲ್ಲಿ ಕೂತು ಓದಬೇಡ. ಕೆಳಗೆ ಹಡಗು, ಎದುರಿಗೆ ತೂಗಾಡುವ ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ, ತೊಡೆಯ ಮೇಲೆ ಅಕ್ಕನ ಕಾಗದ: ಇವು ಮೂರೂ ಒಟ್ಟಿಗೆ ಇರಬಾರದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಸರಿ ಅಕ್ಕಾ, ಆಮೇಲೆ ಮಾತಾಡೋಣ" ಎಂದು ಇಟ್ಟುಬಿಡುತ್ತೀಯ. ಅಲ್ಲದೆ ನಮ್ಮ ಮನೆ ಎಷ್ಟು ಸಣ್ಣದೆಂದು ನಿನಗೆ ಗೊತ್ತು. ಇಲ್ಲಿ ಪಿಸುಗುಟ್ಟಿದ್ದೂ ಅಮ್ಮನ ಕಿವಿಗೆ ಬೀಳುತ್ತದೆ.

ಮೊದಲಿಗೆ ಒಂದು ಬೇಡಿಕೆ. ಕ್ರೇನ್ ತರಬೇತಿ ಬಿಡುತ್ತೇನೆ ಎಂದು ಬಂದರಿನ ಶಾಲೆಗೆ ಅರ್ಜಿ ಬರೆದಿಟ್ಟಿದ್ದೇನೆ ಅಂದಿದ್ದೀಯಲ್ಲ, ಇದನ್ನು ಓದಿ ಮುಗಿಸುವ ತನಕ ಅದನ್ನು ಯಾರ ಕೈಗೂ ಕೊಡಬೇಡ. ಪರೀಕ್ಷೆ ಹತ್ತಿರ ಬಂದಿದೆ. ಇಷ್ಟು ವರ್ಷ ಹಾಸಿಗೆ ಹಿಡಿದ ಅಮ್ಮನನ್ನು ಎತ್ತಿ ಎತ್ತಿ ಸೊಂಟ ಸವೆಸಿಕೊಂಡವಳು ನೀನು. ಈಗ ಒಂದು ಸನ್ನೆಗೋಲು ಅಲ್ಲಾಡಿಸಿದರೆ ಇಡೀ ಲಾರಿಯೇ ಮೇಲೇಳುತ್ತದೆ ಎಂದು ಬರೆದಿದ್ದೆ. ಆ ಸಾಲನ್ನು ನಾನು ಬೀದಿಯಲ್ಲಿ ಎಲ್ಲರಿಗೂ ಓದಿ ಹೇಳಿದ್ದೇನೆ. ಅದಾದ ಮೇಲೆ ಬಂದದ್ದು ಈ ನಾಲ್ಕು ಮಾತಿನ ಕಾಗದ: "ಹಣ ನಿಲ್ಲಿಸ್ತಾರಂತೆ. ಹಳೇ ಭತ್ಯೆಗೆ ಮತ್ತೆ ಅರ್ಜಿ ಹಾಕಬೇಕಾಗುತ್ತೆ. ಅಮ್ಮನನ್ನ ಎತ್ತೋಕೆ ನಾನೇ ಬೇಕು. ಬರ್ತೀನಿ."

ಬರಬೇಡ. ಯಾಕೆಂದು ಹೇಳುವುದಕ್ಕೇ ಈ ಕಾಗದ. ನನಗೆ ಮೊದಲಿನಿಂದ ಹೇಳದಿದ್ದರೆ ಹೇಳಲು ಬರುವುದಿಲ್ಲ, ಪತ್ರಿಕೆಯಲ್ಲಿ ಕರಡು ತಿದ್ದಿದವಳ ಚಾಳಿ. ಗೊತ್ತಿದ್ದದ್ದನ್ನೂ ಮತ್ತೆ ಕೇಳಿಸಿಕೊ.

ನಗರಸಭೆಯವರು ನಮ್ಮ ಬಡಾವಣೆಯನ್ನು ಆರಿಸಿ, ಎರಡು ವರ್ಷದ ಪ್ರಯೋಗ ಎಂದು, ದೊಡ್ಡವರಾದ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಇಷ್ಟು ಎಂದು ಹಣ ಕೊಡಲು ಶುರುಮಾಡಿದಾಗ ನಾನು ನಂಬಿರಲಿಲ್ಲ. ಬಡವರಿಗೂ ಅಷ್ಟೇ, ಬಲ್ಲಿದರಿಗೂ ಅಷ್ಟೇ. ಕೆಲಸ ಇದ್ದವರಿಗೂ ಅಷ್ಟೇ, ಇಲ್ಲದವರಿಗೂ ಅಷ್ಟೇ. ಪುರಾವೆ ಬೇಡ, ಷರತ್ತಿಲ್ಲ, ಏನು ಮಾಡಿದಿರಿ ಎಂಬ ಪ್ರಶ್ನೆಯಿಲ್ಲ. ಊರು ಬಿಟ್ಟು ಕಲಿಯಲು ಹೋದರೂ ಹಣ ಹಿಂದೆಯೇ ಬರುತ್ತದೆ, ನಿನಗೆ ಬರುತ್ತಿರುವ ಹಾಗೆ. ಹಳೆಯ ಭತ್ಯೆಗಳು ಮಾತ್ರ ಅಷ್ಟು ಕಾಲ ನಿಂತಿರುತ್ತವೆ, ಏಳಲಾಗದವರಿಗೆಂದು ಅಮ್ಮನಿಗೆ ಬರುತ್ತಿದ್ದ ಹಾಸಿಗೆ ಭತ್ಯೆಯೂ ಸೇರಿ.

ನಾನು ನಂಬದಿದ್ದುದಕ್ಕೆ ಕಾರಣವಿತ್ತು. ನೀನಿನ್ನೂ ಹುಟ್ಟಿರಲಿಲ್ಲ. ನಮ್ಮ ಶಾಲೆಯಲ್ಲಿ ಬಡ ಮಕ್ಕಳಿಗೆ ಬೂಟು ಹಂಚಿದರು. ಬಡವರೆಂದು ತೋರಿಸಲು ಬರಿಗಾಲಲ್ಲಿ ಬರಬೇಕು. ನನಗೆ ಹರಿದುಹೋದ ಹಳೆಯ ಜೋಡೊಂದಿತ್ತು. ಅಮ್ಮ ಅದನ್ನು ಗೇಟಿನ ಹೊರಗೆ ಪೊದೆಯಲ್ಲಿ ಬಚ್ಚಿಟ್ಟು ನನ್ನನ್ನು ಒಳಗೆ ಕಳಿಸಿದಳು. ಬೂಟು ಸಿಕ್ಕಿತು, ಒಂದು ಅಳತೆ ಚಿಕ್ಕದು. ಹೊರಗೆ ಬಂದು ನೋಡಿದರೆ ಹಳೆಯದನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಆ ವರ್ಷವೆಲ್ಲ ನಾನು ಹೆಬ್ಬೆರಳು ಮಡಚಿಕೊಂಡು ನಡೆದೆ. ಅಂದಿನಿಂದ ನೋಡುತ್ತಲೇ ಇದ್ದೇನೆ. ವಿಧವಾ ವೇತನಕ್ಕೆ ವರ್ಷಕ್ಕೊಮ್ಮೆ ಹೋಗಿ "ನಾನಿನ್ನೂ ಬದುಕಿದ್ದೇನೆ, ಮತ್ತೆ ಮದುವೆಯಾಗಿಲ್ಲ" ಎಂದು ಸಹಿ ಹಾಕಬೇಕಿತ್ತು. ತನಿಖೆಗೆ ಬಂದವರು ಪಾತ್ರೆಯ ಮುಚ್ಚಳ ಎತ್ತಿ ಒಳಗೆ ಇಣುಕುತ್ತಿದ್ದರು. ಸಿರಿವಂತ ಅಪ್ಪನ ಬಂಗಲೆ ಮಗನಿಗೆ ಬಂದಾಗ ಯಾವ ಅಧಿಕಾರಿಯೂ ಅವನ ಅಡುಗೆಮನೆಗೆ ಹೋಗಿ "ಇವನು ದುಡಿಯುತ್ತಾನೋ, ಬರೀ ಮಲಗುತ್ತಾನೋ" ಎಂದು ನೋಡಿದ್ದನ್ನು ನಾನು ಕಾಣೆ. ದುಡಿಯದೆ ಬಂದ ಹಣ ಮನುಷ್ಯನನ್ನು ಕೆಡಿಸುತ್ತದೆ ಎಂದು ಪತ್ರಿಕೆಗೆ ಬರೆಯುತ್ತಿದ್ದವರೆಲ್ಲ ಬಾಡಿಗೆ ಎಣಿಸುತ್ತ ಕೂತವರೇ. ಅವರ ಲೇಖನದ ಅಕ್ಷರ ತಪ್ಪುಗಳನ್ನು ತಿದ್ದಿದವಳು ನಾನು. ಉಳಿದ ತಪ್ಪು ತಿದ್ದುವ ಅಧಿಕಾರ ನನಗಿರಲಿಲ್ಲ.

ಇರಲಿ. ನನ್ನ ಸಿಟ್ಟು ನಿನಗೆ ಹೊಸದಲ್ಲ.

ನೀನು ಹೋದ ಮೇಲೆ ನಾನು ನನ್ನ ಬಾಡಿಗೆ ಕೋಣೆ ಬಿಟ್ಟು ಅಮ್ಮನ ಹತ್ತಿರ ಬಂದೆನಷ್ಟೆ. ಆಮೇಲೆ ಸಮೀಕ್ಷೆಯ ಹುಡುಗಿ ಬಂದಳು. ಹಣದಿಂದ ಜನರ ಬದುಕು ಏನಾದರೂ ಬದಲಾಯಿತೇ ಎಂದು ಮನೆಮನೆಗೆ ಹೋಗಿ ನೋಡುವುದು ಅವಳ ಕೆಲಸ. ಕೈಯಲ್ಲೊಂದು ಫೈಲು, ಕಾಲಲ್ಲಿ ಸವೆದ ಬೂಟು, ಮುಖದಲ್ಲಿ ಒಳ್ಳೆಯತನ. ಆದರೆ ನಮ್ಮ ಬೀದಿಗೆ ಫೈಲು ಹಿಡಿದು ಬಂದವರೆಲ್ಲ ಒಂದೇ. ಮೂಲೆಯಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣ ಅವಳನ್ನು ಕಂಡದ್ದೇ ಕಬ್ಬಿಣದ ತುಂಡಿನ ಮೇಲೆ ಸುತ್ತಿಗೆಯಿಂದ ಮೂರು ಏಟು ಹೊಡೆದ. ನಿನಗೆ ಗೊತ್ತೇ ಇದೆ, ಆ ಮೂರು ಏಟಿಗೆ ಬೀದಿ ಹೇಗೆ ಮೈ ಮುದುಡಿಕೊಳ್ಳುತ್ತದೆಂದು. ರೇಡಿಯೋ ರಜಾಯಿಯ ಕೆಳಗೆ ಹೋಗುತ್ತದೆ, ಒಳ್ಳೆಯ ಪಾತ್ರೆ ಮಂಚದಡಿಗೆ ಹೋಗುತ್ತದೆ, ಮಕ್ಕಳ ಮೈಮೇಲೆ ಹರಿದ ಅಂಗಿ ಬರುತ್ತದೆ.

ಇದು ಹಾಗಲ್ಲ, ಇವಳ ಮುಂದೆ ಏನನ್ನೂ ಅಡಗಿಸಬೇಕಾಗಿಲ್ಲ, ಇದು ಷರತ್ತಿಲ್ಲದ ಹಣ ಎಂದು ನಾನು ಮನೆಮನೆಗೆ ಹೋಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಪಕ್ಕದ ಇಸ್ತ್ರಿಯಕ್ಕ ಮಾತ್ರ ನನ್ನ ಮುಖ ನೋಡಿ, "ಪೇಪರಕ್ಕಾ, ನೀವು ಓದಿದೋರು. ನಾವು ಅನುಭವಿಸಿದೋರು. ಮಜ್ಜಿಗೆ ಕಂಡ್ರೂ ಊದ್ಕೊಂಡೇ ಕುಡಿಯೋರು ನಾವು" ಎಂದಳು. ಅವಳ ಮಗಳಿಗೆ ಈ ಹಣದಲ್ಲಿ ಕನ್ನಡಕ ಬಂದಿತ್ತು. ಹುಟ್ಟಿದಾಗಿನಿಂದ ಮಂಜಿನಲ್ಲಿ ಬದುಕಿದ ಕೂಸು, ಮೊದಲ ದಿನ ಎದುರು ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ನೋಡುತ್ತ ನಿಂತಿತ್ತು. ಆ ಕನ್ನಡಕವನ್ನು ತೆಗೆಸಿ ಅಕ್ಕಿಡಬ್ಬಿಯಲ್ಲಿಟ್ಟಳು. ಕೂಸು ಸಮೀಕ್ಷೆಯವಳಿಗೆ ನಮಸ್ಕಾರ ಮಾಡಲು ಹೋಗಿ ಬಾಗಿಲಿಗೆ ಹಣೆ ಕುಟ್ಟಿಕೊಂಡಿತು. ಬೀಗದಣ್ಣ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದ. ಮೂರು ಏಟು ಹೊಡೆದವನೇ ಅದನ್ನು ಕಿತ್ತು ಕಿಸೆಗೆ ಹಾಕಿಕೊಂಡು, ಬೊಚ್ಚು ಬಾಯಲ್ಲಿ "ಏನೂ ಫದಲಾಗಿಲ್ಲಮ್ಮಾ" ಎಂದ. ಸಮೀಕ್ಷೆಯವಳು ನಮ್ಮ ಮನೆಗೂ ಬಂದಳು. ಅಮ್ಮ ಆ ಎತ್ತರದ ಕಬ್ಬಿಣದ ಮಂಚದ ಮೇಲೆ, ಗಲ್ಲದ ತನಕ ರಜಾಯಿ ಹೊದ್ದು, "ಇದ್ದೀನಿ ತಾಯಿ, ಇದ್ದ ಹಾಗೇ ಇದ್ದೀನಿ" ಎಂದು ನರಳಿದಳು.

ಹುಡುಗಿ ಕಂಡದ್ದನ್ನು ಬರೆದುಕೊಂಡಳು. ನಮ್ಮ ಬೀದಿಯ ಹಾಗೆಯೇ ಉಳಿದ ಬೀದಿಗಳೂ ಇದ್ದವೆಂದು ಕಾಣುತ್ತದೆ. ವರದಿ ಬಂತು: "ಗಮನಾರ್ಹ ಬದಲಾವಣೆ ಕಂಡುಬಂದಿಲ್ಲ." ಮರುದಿನ ಪತ್ರಿಕೆಯಲ್ಲಿ ನಗರಸಭೆಯ ಸದಸ್ಯನೊಬ್ಬ, "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ನಾನು ಮೊದಲೇ ಹೇಳಿದ್ದೆ, ಈ ಪ್ರಯೋಗವನ್ನು ಇಲ್ಲಿಗೇ ನಿಲ್ಲಿಸೋಣ" ಎಂದಿದ್ದ. ನೀನು ಅಲ್ಲಿ ಓದಿದ್ದು ಇದನ್ನೇ. ಸರಿಯಾಗಿ ನೋಡಲು ಇನ್ನೊಂದು ಸಲ ಸಮೀಕ್ಷೆ ನಡೆಸಿ ಆಮೇಲೆ ಮತಕ್ಕೆ ಹಾಕೋಣ ಎಂದು ಯಾರೋ ಪುಣ್ಯಾತ್ಮರು ಹಟ ಹಿಡಿದರಂತೆ. ಎರಡನೆಯ ಸಮೀಕ್ಷೆ ಹೋದ ಗುರುವಾರ ಬಂತು.

ಈಗ ಹೇಳುವುದನ್ನು ನಿಧಾನವಾಗಿ ಓದು.

ನಾನು ಬೆಳಗ್ಗೆ ಬ್ರೆಡ್ಡು ತರಲು ಹೋಗಿದ್ದೆ. ತಿರುಗಿ ಬಂದು ಬಾಗಿಲು ತೆರೆಯುವುದಕ್ಕೂ ಮೂಲೆಯಲ್ಲಿ ಟಣ್ ಟಣ್ ಟಣ್ ಎಂದು ಮೂರು ಏಟು ಬೀಳುವುದಕ್ಕೂ ಸರಿಹೋಯಿತು. ಬಾಗಿಲು ಅರ್ಧ ತೆರೆದಿತ್ತು. ಅಮ್ಮ ಅಡುಗೆಮನೆಯ ತೊಟ್ಟಿಯ ಹತ್ತಿರ ನಿಂತಿದ್ದಳು. ನಿಂತಿದ್ದಳು, ಗುಬ್ಬಿ. ಕೈಯಲ್ಲಿ ಚಹಾದ ಬಟ್ಟಲು ತೊಳೆಯುತ್ತಿದ್ದಳು. ಏಟು ಕೇಳಿದ್ದೇ ತಡ, ಬಟ್ಟಲು ಬಿಟ್ಟು ಓಡಿದಳು. ನಡೆದಳು ಎಂದು ಬರೆಯಲಾರೆ. ಪದಗಳ ವಿಷಯದಲ್ಲಿ ನಾನು ಸುಳ್ಳು ಹೇಳುವವಳಲ್ಲ. ಸೊಂಟ ಬಾಗಿಸಿ, ಮೇಜಿನ ಅಂಚು ಹಿಡಿದು, ಗೋಡೆ ಹಿಡಿದು, ನಡುವೆ ಏನೂ ಹಿಡಿಯಲು ಸಿಗದ ಜಾಗದಲ್ಲಿ ಎರಡೂ ಕೈ ಗಾಳಿಯಲ್ಲಿ ಬೀಸಿಕೊಂಡು, ಕೋಳಿಯ ಹಾಗೆ ಓಡಿ, ಮಂಚಕ್ಕೆ ಬೋರಲಾಗಿ ಬಿದ್ದು, ಹೊರಳಿ, ರಜಾಯಿಯನ್ನು ಗಲ್ಲಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಎಪ್ಪತ್ತು ದಾಟಿದವಳು.

ನಾನು ಬ್ರೆಡ್ಡು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತೆ. ನನ್ನ ಜೀವಮಾನದಲ್ಲಿ ದೊಡ್ಡ ದೊಡ್ಡ ಸುದ್ದಿಗಳ ಕರಡು ತಿದ್ದಿದ್ದೇನೆ. ಯುದ್ಧ ನಿಂತದ್ದು, ಸರ್ಕಾರ ಬಿದ್ದದ್ದು, ಚಂದ್ರನ ಮೇಲೆ ಯಂತ್ರ ಇಳಿದದ್ದು. ಯಾವುದೂ ನನ್ನನ್ನು ಹೀಗೆ ಹೊಸ್ತಿಲಲ್ಲಿ ನಿಲ್ಲಿಸಿರಲಿಲ್ಲ.

ನಾನು ಏನೂ ಅನ್ನಲಿಲ್ಲ, ಸಮಾಧಾನದಿಂದ ಹತ್ತಿರ ಹೋಗಿ ಕೂತೆ ಎಂದು ಬರೆಯಬೇಕೆಂದಿದ್ದೆ. ಅದು ನಿಜವಲ್ಲ. ಬ್ರೆಡ್ಡನ್ನು ಗೋಡೆಗೆ ಎಸೆದೆ. "ಯಾವಾಗಿಂದ?" ಎಂದು ಕಿರುಚಿದೆ. ಅಮ್ಮ ಕಣ್ಣು ತೆರೆಯದೆ, "ಮೊದಲು ಬಾಗಿಲು ಹಾಕು. ಅವಳು ಬರ್ತಾ ಇದ್ದಾಳೆ" ಎಂದಳು. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಆ ಸ್ಥಿತಿಯಲ್ಲೂ ನರಳುವುದನ್ನು ಆಗಲೇ ಶುರುಮಾಡಿದ್ದಳು.

ಹೊರಗೆ ಹುಡುಗಿಯ ದನಿ ಇಸ್ತ್ರಿಯಕ್ಕನ ಮನೆಯಲ್ಲಿ ಕೇಳುತ್ತಿತ್ತು. ಆಗ ನಾನು, ಕೆಲವು ದಿನದಿಂದ ಅಮ್ಮನಿಗೆ ಹೇಳದೆ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ. "ಮಲಗು ಅಮ್ಮಾ, ಚೆನ್ನಾಗಿ ಮಲಗು. ಗುಬ್ಬಿ ವಾಪಸ್ ಬರ್ತಿದಾಳೆ. ಹಣ ನಿಲ್ಲುತ್ತೆ, ಪರೀಕ್ಷೆ ಬಿಟ್ಟು ನಿನ್ನನ್ನ ಎತ್ತೋಕೆ ಬರ್ತಿದಾಳೆ" ಎಂದೆ. ಸಿಟ್ಟಿನಲ್ಲಿ ಅಂದದ್ದು. ಚುಚ್ಚಲಿ ಎಂದೇ ಅಂದದ್ದು.

ನರಳಿಕೆ ನಿಂತಿತು. ಅಮ್ಮ ಕಣ್ಣು ತೆರೆದು ಸೂರು ನೋಡಿದಳು. "ಕ್ರೇನು ಬಿಟ್ಲಾ?" ಎಂದಳು. "ಹೂಂ" ಎಂದೆ. "ಯಾರು ಹೇಳಿದ್ದು ಬಿಡು ಅಂತ?" "ಯಾರೂ ಹೇಳಲಿಲ್ಲ. ನಮ್ಮನೇಲಿ ಯಾರಿಗೂ ಯಾರೂ ಏನೂ ಹೇಳೋದಿಲ್ಲವಲ್ಲ." ಅಮ್ಮ ರಜಾಯಿ ಸರಿಸಿ, ಒಂದು ಕಾಲು, ಮತ್ತೊಂದು ಕಾಲು, ಕೆಳಗಿಳಿದಳು. "ನನ್ನ ಶಾಲು ಕೊಡೇ. ಬೀದಿಗೆ ಹೋಗೋಳು ಹೀಗಾ ಹೋಗೋದು" ಎಂದಳು.

ನಾನು ಕೈ ನೀಡಿದೆ. ಬೇಡವೆಂದಳು. "ಕೈ ಹಿಡ್ಕೊಂಡ್ರೆ ನಡೆಸಿದ್ರು ಅಂತಾರೆ."

ಗುಬ್ಬಿ, ಅಮ್ಮ ಹೊಸ್ತಿಲು ದಾಟಿದ್ದನ್ನು ನಾನು ಹೇಗೆ ಬರೆಯಲಿ? ಬಿಸಿಲು ಅವಳ ಮುಖದ ಮೇಲೆ ಬಿತ್ತು, ಕಣ್ಣು ಕಿರಿದು ಮಾಡಿದಳು. ಗೋಡೆಯನ್ನು ಮುಟ್ಟಿ ಮುಟ್ಟಿ ನಡೆದಳು. ಇಟ್ಟಿಗೆಯ ಬೆಚ್ಚಗಿನ ಮೈಯನ್ನು ಸವರಿ ನೋಡುವಂತೆ. ಮೊದಲು ಕಂಡವಳು ಇಸ್ತ್ರಿಯಕ್ಕ. ಅವಳ ಬಾಯಿಂದ ಬಂದ ಮೊದಲ ಮಾತು "ಅಯ್ಯೋ ನಡೀತಿದಾರೆ" ಅಲ್ಲ. "ಅಯ್ಯೋ, ಒಳಗೆ ಹೋಗಿ, ಅವಳು ಇಲ್ಲೇ ಇದ್ದಾಳೆ!" ಎಂದು ಒಣಹಾಕಿದ್ದ ಹಾಸಿಗೆ ಬಟ್ಟೆಯೊಂದನ್ನು ಎಳೆದು ಅಮ್ಮನ ಮುಂದೆ ಪರದೆ ಹಿಡಿದಳು. ಎದುರು ಮನೆಯವರು ಕುರ್ಚಿ ತಂದು ಅಮ್ಮನನ್ನು ಅದರಲ್ಲಿ ಕೂರಿಸಲು ನೋಡಿದರು, ಹೊತ್ತು ತಂದಿದ್ದೇವೆ ಎಂದು ಹೇಳಬಹುದೆಂದು. ಬೀಗದಣ್ಣ ಮತ್ತೆ ಮೂರು ಏಟು ಹೊಡೆದ, ಗಾಬರಿಯಲ್ಲಿ ಇನ್ನೂ ಮೂರು ಹೊಡೆದ. ಅಮ್ಮ ನಡೆದದ್ದು ಹೇಗೆಂದು ಒಬ್ಬರೂ ಕೇಳಲಿಲ್ಲ. ಒಂದು ಬೀದಿಯ ಜನ ತಮ್ಮ ನಡುವೆ ನಡೆದ ಪವಾಡವನ್ನು ಹೇಗೆ ಬಚ್ಚಿಡುವುದೆಂದು ಒದ್ದಾಡುತ್ತಿದ್ದರು. ಮನುಷ್ಯರನ್ನು ಇಂಥ ಸ್ಥಿತಿಗೆ ತಂದವರನ್ನು ನಾನು ಏನೆಂದು ಬೈಯಲಿ? ಕನ್ನಡದಲ್ಲಿ ನನಗೆ ಗೊತ್ತಿಲ್ಲದ ಬೈಗುಳವಿಲ್ಲ, ಆದರೂ ಸಾಲದೆ ಹೋಯಿತು.

ಅಮ್ಮ ಪರದೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ನಡೆದಳು. ನಡೆಯುತ್ತ ಏನು ಮಾಡಿದಳು ಗೊತ್ತೇ? ಇಷ್ಟು ವರ್ಷ ಮಲಗಿ ಕೇಳಿದ ಸದ್ದುಗಳಿಗೆ ಮುಖ ಹೊಂದಿಸಿದಳು. "ಈ ಕಬ್ಬಿಣದ ಬಾಗಿಲು ಎಳೆಯೋಳು ನೀನಾ? ಎಣ್ಣೆ ಹಾಕೇ ಮಾರಾಯ್ತಿ, ದಿನಾ ಎದೆ ಕೊಯ್ಯುತ್ತೆ." "ಸ್ನಾನ ಮಾಡ್ತಾ ಹಾಡೋದು ಯಾರು? ಎರಡನೇ ಸಾಲು ತಪ್ಪು ಹೇಳ್ತೀಯ." ಮೂಲೆಗೆ ಬಂದು ಬೀಗದಣ್ಣನ ಮುಂದೆ ನಿಂತಳು. ಅವನು ಈ ಮೂಲೆಗೆ ಬಂದದ್ದು ಅಮ್ಮ ಹಾಸಿಗೆ ಹಿಡಿದ ಮೇಲೆ. ಅವಳು ಅವನನ್ನು ಕಂಡೇ ಇರಲಿಲ್ಲ. "ಸುತ್ತಿಗೆ ಸದ್ದು ಕೇಳಿ ಭೀಮನ ಹಾಗಿದ್ದಾನೆ ಅಂದ್ಕೊಂಡಿದ್ದೆ. ಇಷ್ಟು ಕುಳ್ಳನಾ!" ಎಂದಳು. ಬೀದಿಯೆಲ್ಲ ನಕ್ಕಿತು. ಅವನೂ ನಗಲು ಹೋಗಿ, ಬಾಯಿ ಬೊಚ್ಚಾಗಿರುವುದು ನೆನಪಾಗಿ, ಕೈ ಅಡ್ಡ ಹಿಡಿದ. ಅಮ್ಮ, "ಕಿಸೇಲಿ ಇಟ್ಕೊಂಡು ಏನಪ್ಪಾ ಅಗೀತಿದೀಯ? ಹಾಕ್ಕೋ" ಎಂದಳು. ಅವನು ಸಮೀಕ್ಷೆಯ ಹುಡುಗಿಯ ಎದುರಿಗೇ, ಕಿಸೆಯಿಂದ ಹಲ್ಲು ತೆಗೆದು, ಅಂಗಿಗೆ ಒರೆಸಿ, ಹಾಕಿಕೊಂಡು ನಕ್ಕ. ಕಿವಿಯಿಂದ ಕಿವಿಗೆ ಅಗಲವಾದ ನಗು.

ಹುಡುಗಿ ಬೀದಿಯ ನಡುವೆ ಫೈಲು ಎದೆಗವಚಿ ನಿಂತಿದ್ದಳು. ಕೊನೆಗೆ ಹತ್ತಿರ ಬಂದು ಕೇಳಿದಳು, "ಅಜ್ಜೀ, ಯಾವಾಗಿಂದ ನಡೀತಿದೀರಿ?" ಇದೇ ಪ್ರಶ್ನೆಯಲ್ಲವೇ, ಇಷ್ಟು ಕಾಲ ತೆಗೆದುಕೊಂಡ ಭತ್ಯೆಯನ್ನು ವಾಪಸು ಕೇಳಲು ಮೊದಲ ಮೆಟ್ಟಿಲು? ಅಮ್ಮ ಅವಳ ಗಲ್ಲ ಮುಟ್ಟಿ, "ಇವತ್ತಿಂದ ಅಂತ ಬರ್ಕೋ ಮಗಳೇ. ಸುಳ್ಳಲ್ಲ ಅದು" ಎಂದಳು. ಹುಡುಗಿ ನನ್ನ ಕಡೆ ನೋಡಿ, "ಹಿಂದಿನದು ಕೇಳೋದು ನನ್ನ ಕೆಲಸ ಅಲ್ಲ. ಈ ಹಣ ಬಂದ ಮೇಲೆ ಏನಾಯ್ತು ಅಷ್ಟೇ" ಎಂದಳು. ಅಷ್ಟರಲ್ಲಿ ಇಸ್ತ್ರಿಯಕ್ಕ ಒಳಗೆ ಓಡಿ ಅಕ್ಕಿಡಬ್ಬಿಗೆ ಕೈಹಾಕಿದ್ದಳು. ಕನ್ನಡಕದ ಗಾಜಿಗೆ ಅಂಟಿದ ಅಕ್ಕಿಕಾಳು ಉದುರಿಸುತ್ತ ಮಗಳ ಕಿವಿಗೆ ಸಿಕ್ಕಿಸಿ, "ನೋಡಿ ಮೇಡಂ, ನೋಡ್ಕೊಳ್ಳಿ, ನಾನು ಹೋದ್ಸಲ ಸುಳ್ಳು ಹೇಳಿದ್ದೆ" ಎಂದು ಅಳತೊಡಗಿದಳು. ಆಮೇಲೆ ರೇಡಿಯೋಗಳು ಹೊರಬಂದವು. ಕಿಟಕಿಗಳಿಗೆ ಪರದೆ ಬಂತು. ಅರ್ಧ ಕೂಲಿಗೆ ಹೊಲಿಯುತ್ತಿದ್ದವಳೊಬ್ಬಳು, ಸರಿಯಾದ ಕೂಲಿ ಕೊಡದಿದ್ದರೆ ಹೊಲಿಯುವುದಿಲ್ಲ ಎಂದು ಗುತ್ತಿಗೆದಾರನಿಗೆ ಹೇಳಿ ಕಳಿಸಿದ್ದನ್ನು, ಕದ್ದ ಮಾಲು ತೋರಿಸುವವಳ ಹಾಗೆ ನಾಚುತ್ತ ಹೇಳಿದಳು. ಬೀದಿ ತನ್ನ ಸುಖವನ್ನು ಒಪ್ಪಿಕೊಳ್ಳುವುದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ. ಹುಡುಗಿ ಕತ್ತಲಾಗುವ ತನಕ ಬರೆದಳು.

ಆ ಸಂಜೆ ಅಮ್ಮ ನನಗೆ ಹೇಳಿದ್ದನ್ನು ನಿನಗೆ ಹೇಳುತ್ತೇನೆ. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. ಮಾತು ಮುರಿಯುತ್ತಿದ್ದೇನೆ, ಯಾಕೆಂದರೆ ಇದು ಗೊತ್ತಾಗದೆ ನೀನು ಆ ಅರ್ಜಿಯನ್ನು ಹರಿಯುವುದಿಲ್ಲ.

ಕಾರ್ಖಾನೆಯ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದ ಮೇಲೆ ಮೊದಲ ವರ್ಷಗಳಲ್ಲಿ ಅಮ್ಮನಿಗೆ ನಿಜವಾಗಿಯೂ ಆಗುತ್ತಿರಲಿಲ್ಲ. ಅಂಗಿಗಳಿಗೆ ಕಾಜಾ ಹಾಕುತ್ತಿದ್ದ ಆ ಬೆರಳುಗಳು ಮಾತ್ರ ಹಾಸಿಗೆಯಲ್ಲೂ ಸುಮ್ಮನಿರುತ್ತಿರಲಿಲ್ಲ, ರಜಾಯಿಯ ಅಂಚನ್ನು ಹೊಲಿಯುತ್ತಲೇ ಇರುತ್ತಿದ್ದವು. ಆಮೇಲೊಂದು ದಿನ ಅವಳು ಕಿಟಕಿ ಹಿಡಿದು ನಿಂತಳು. ನಿನಗೆ ನೆನಪಿದೆ, ನೀನು ಖುಷಿಗೆ ಚಪ್ಪಾಳೆ ತಟ್ಟಿದ್ದೆ. ಅದೇ ವಾರ ತನಿಖೆಗೆ ಬಂದವನು ಅವಳು ನಿಂತದ್ದನ್ನು ಕಂಡ. "ಸುಧಾರಣೆ ಕಂಡುಬಂದಿದೆ" ಎಂದು ಬರೆದ. ಭತ್ಯೆ ನಿಂತಿತು. ನಿಲ್ಲಬಲ್ಲವಳಿಗೆ ಭತ್ಯೆಯಿಲ್ಲ, ಹಾಗೆಂದು ಅಷ್ಟು ಮಾತ್ರ ನಿಲ್ಲಬಲ್ಲವಳಿಗೆ ಯಾರೂ ಕೆಲಸವನ್ನೂ ಕೊಡಲಿಲ್ಲ. ಆ ಚಳಿಗಾಲ ನೀನು ಲಾಂಡ್ರಿಯಲ್ಲಿ ಎರಡು ಪಾಳಿ ದುಡಿದು ಕೆಮ್ಮು ಹಿಡಿಸಿಕೊಂಡೆ. ಮತ್ತೆ ಭತ್ಯೆ ಸಿಗುವಷ್ಟರಲ್ಲಿ ವರ್ಷ ಕಳೆದಿತ್ತು. ಅಂದೇ ಅಮ್ಮ ತೀರ್ಮಾನಿಸಿದಳಂತೆ: ನಾನು ಎದ್ದರೆ ನನ್ನ ಮಗಳು ಬೀಳುತ್ತಾಳೆ.

ಹಾಗೆ ಅವಳು ಏಳಲಿಲ್ಲ. ನೀನು ಪೇಟೆಗೆ ಹೋದಾಗ ಮಂಚದ ಸುತ್ತ ಕಂಬಿ ಹಿಡಿದು ನಡೆಯುತ್ತಿದ್ದಳಂತೆ, ಕಾಲು ಮರೆತುಹೋಗದಿರಲಿ ಎಂದು. ನೀನು ಬಂದ ಸದ್ದಾದರೆ ಮಲಗುತ್ತಿದ್ದಳು. ಹೊಸ ಹಣ ಬಂದ ಮೇಲೂ, ನೀನು ಹೋದ ಮೇಲೂ, ನನ್ನೆದುರಿಗೆ ಎದ್ದಿರಲಿಲ್ಲ. ಯಾಕಮ್ಮಾ, ಈಗ ಯಾರೂ ಕೇಳುತ್ತಿರಲಿಲ್ಲವಲ್ಲ ಎಂದದ್ದಕ್ಕೆ, "ಏಳೋದಕ್ಕೆ ಧೈರ್ಯ ಬಂತು. ಎದ್ದಿದೀನಿ ಅಂತ ಗುಬ್ಬಿಗೆ ಹೇಳೋದಕ್ಕೆ ಬರಲಿಲ್ಲ. ಅವಳ ವಯಸ್ಸೆಲ್ಲ ನುಂಗಿದೀನಿ ಕಣೇ" ಎಂದಳು. ನಿನಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದು ಎರಡು ಸಲ ಹೇಳಿದಳು.

ಆ ಸದಸ್ಯ ಕೂತು ಉಣ್ಣುವವರ ಗಾದೆ ಹೇಳುತ್ತಾನೆ. ನಮ್ಮ ಅಮ್ಮನಿಗೆ ಮಲಗಿ ಉಣ್ಣು, ಎದ್ದರೆ ಅನ್ನವಿಲ್ಲ ಎಂದು ಹೇಳಿದ್ದು ಕಾನೂನು. ಯಾವ ಷರತ್ತೂ ಇಲ್ಲದ ಹಣ ಬಂತು, ಅವಳು ಎದ್ದಳು. ನಾನು ಓದಿದ ಎಲ್ಲ ಅರ್ಥಶಾಸ್ತ್ರ ಈ ಒಂದು ಮಾತಿನ ಮುಂದೆ ಕೈಕಟ್ಟಿ ನಿಂತಿದೆ. ನಾನೂ ನಿಂತಿದ್ದೇನೆ.

ನಿನಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಎಷ್ಟು ಸಂಬಂಧಗಳು ನಿನ್ನನ್ನು ಕೇಳಿಕೊಂಡು ಬಂದು ಆ ಮಂಚ ನೋಡಿ ತಿರುಗಿಹೋದವೆಂದು ನನಗೆ ಗೊತ್ತು. ನಾನು ವಾರಕ್ಕೊಮ್ಮೆ ಬಂದು, ಸರ್ಕಾರವನ್ನು ಬೈದು, ಚಹಾ ಕುಡಿದು ಹೋಗುತ್ತಿದ್ದೆ. ಆದರೆ ಸಿಟ್ಟನ್ನು ಅಮ್ಮನ ಮೇಲೆ ಹಾಕಬೇಡ. ಅವಳು ನಿನ್ನ ವಯಸ್ಸು ನುಂಗಲಿಲ್ಲ. ನಿಮ್ಮಿಬ್ಬರ ವಯಸ್ಸನ್ನೂ ಆ ಕಾನೂನು ಬರೆದವರು ನುಂಗಿದರು.

ಮತದ ದಿನ ಇನ್ನೂ ಬಂದಿಲ್ಲ. ಏನಾಗುತ್ತದೋ ಹೇಳಲಾರೆ, ಆ ಸದಸ್ಯನಂಥವರನ್ನು ನಾನು ಬಹಳ ಕಾಲದಿಂದ ನೋಡಿದ್ದೇನೆ. ಆದರೆ ಅಮ್ಮ ನಿನ್ನೆ ಬೀಗದಣ್ಣನನ್ನು ಕರೆಸಿ ಆ ಕಬ್ಬಿಣದ ಮಂಚವನ್ನು ಬಿಚ್ಚಿಸಿದಳು. ಈಗ ಕೋಣೆಯ ನಡುವೆ ದೊಡ್ಡ ಬಯಲು. ಅಮ್ಮ ಅದರಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾಳೆ, ಕೆಲಸವಿಲ್ಲದೆ, ಸುಮ್ಮನೆ. ನಾನು ಓದುವುದನ್ನು ಬಿಟ್ಟು ನೋಡುತ್ತ ಕೂರುತ್ತೇನೆ.

ಪರೀಕ್ಷೆ ಮುಗಿಸು. ಎತ್ತುವುದಾದರೆ ಹಡಗಿನ ಪೆಟ್ಟಿಗೆ ಎತ್ತು.

ನಿನ್ನ,
ಪೇಪರಕ್ಕ

ಕೊನೆಗೊಂದು ಮಾತು, ಇದು ಅಮ್ಮಂದು: ನಿನ್ನಕ್ಕ ಅಂಗಡಿಗೆ ಅಂಚೆಚೀಟಿ ತರೋಕೆ ಹೋಗಿದಾಳೆ. ಲಕೋಟೆಯಿಂದ ಕಾಗದ ತೆಗೆದು ಓದಿದೆ, ಅವಳು ಬರೋದ್ರೊಳಗೆ ಮತ್ತೆ ಅಂಟಿಸಿಡ್ತೀನಿ. ಅಕ್ಷರ ಸೊಟ್ಟ ಇದ್ರೆ ಬೈಬೇಡ, ನಿಂತ್ಕೊಂಡು ಬರೀತಿದೀನಿ. ಗುಬ್ಬಿ, ನೀನು ಎತ್ತೋಕೆ ಬರ್ತೀನಿ ಅಂದಿದ್ದನ್ನ ಅಕ್ಕ ನಂಬಿದ್ಲು. ಭತ್ಯೆಗೋಸ್ಕರ ನನ್ನನ್ನ ಮತ್ತೆ ಮಲಗಿಸೋಕೆ ಬರ್ತಿದೀಯ ಅಂತ ನನಗೆ ಗೊತ್ತಾಯ್ತು. ನಡೆಯದೋಳ ಮಂಚದ ಪಕ್ಕ, ಪೇಟೆಗೆ ಹೋಗೋ ಮುಂಚೆ ದಿನಾ ನನ್ನ ಚಪ್ಪಲಿ ಜೋಡಿಸಿಟ್ಟು ಹೋಗ್ತಿದ್ದೋಳು ನೀನು. ಬರುವಾಗ ಬೀದಿ ತುದೀಲೇ ಜೋರಾಗಿ ಕೆಮ್ಮಿಕೊಂಡು ಬರ್ತಿದ್ದೋಳೂ ನೀನೇ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಅಮ್ಮ ಏಳೋದಿಲ್ಲ ಅಂತ ಭತ್ಯೆ ಕಾಗದಕ್ಕೆ ವರ್ಷ ವರ್ಷ ಸಹಿ ಹಾಕಿದೋಳು ನೀನಲ್ವಾ, ಅದಕ್ಕೇ ಅಕ್ಕನ ಹತ್ರ ನಿನಗೇನೂ ಗೊತ್ತಿಲ್ಲ ಅಂದೆ. ಹಾಗೇ ಇರಲಿ. ಅವಳಿಗೆ ಹೇಳಿದ್ರೆ ಪೇಪರಿಗೆ ಬರೀತಾಳೆ. ನಾನಿನ್ನು ಮಲಗೋದಿಲ್ಲ, ಅವರು ಏನಾದ್ರೂ ಮಾಡ್ಕೊಳ್ಳಲಿ. ನೀನೂ ಕೆಳಗಿಳೀಬೇಡ.
ಅಮ್ಮ